ಶೇಂಗಾ ಸಿಪ್ಪೆಯಿಂದ ನೀರಿನ ವಿಷಲೋಹ ತೆಗೆಯುವುದು: ಹಂತ ಹಂತವಾಗಿ, ತಪ್ಪುವ ಜಾಗಗಳ ಸಮೇತ

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಕಡೆ ಶೇಂಗಾ ಸಿಪ್ಪೆಗೆ ಬರವಿಲ್ಲ. ದಾವಣಗೆರೆ ಸುತ್ತ ಮೆಕ್ಕೆಜೋಳದ ದಿಂಡು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ ಬೇಕಾದಷ್ಟು ಸಿಗುತ್ತವೆ. ನೀರಿನಲ್ಲಿ ಕರಗಿದ ತಾಮ್ರ, ಸೀಸ, ಕ್ಯಾಡ್ಮಿಯಂಗಳನ್ನು ಇವು ಹಿಡಿಯುತ್ತವೆ ಎಂದು ಓದಿದ ಕಾಲೇಜು ಹುಡುಗರು ಇದನ್ನೇ ಪ್ರಾಜೆಕ್ಟಿಗೆ ಆರಿಸಿಕೊಳ್ಳುತ್ತಾರೆ. ಆಮೇಲೆ ಕೆಲವರಿಗೆ ಸಿಪ್ಪೆ ಏನೂ ಹಿಡಿಯುವುದಿಲ್ಲ. ಇನ್ನು ಕೆಲವರಿಗೆ 99 ಪರ್ಸೆಂಟ್ ಬರುತ್ತದೆ, ಆದರೆ ಅದು ಸಿಪ್ಪೆ ಮಾಡಿದ ಕೆಲಸವೇ ಅಲ್ಲ. ಎರಡು ತೊಂದರೆಯೂ ಹೆಚ್ಚಾಗಿ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; 7 ಸಮ, ಇಳಿದಷ್ಟೂ ಹುಳಿ) ಸರಿಯಾಗಿ ನೋಡದೆ ಬರುತ್ತವೆ. ಅದಕ್ಕೇ ಕೆಳಗೆ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ: ನಿಮ್ಮ ನೀರಿನಲ್ಲಿ ಇರುವುದು ಏನು?

ಚಿತ್ರದುರ್ಗ ಜಿಲ್ಲೆಯಲ್ಲಿ ಕೊಳವೆಬಾವಿ ನೀರಿನ ದೊಡ್ಡ ಸಮಸ್ಯೆ ಫ್ಲೋರೈಡ್. ಫ್ಲೋರೈಡ್ ಲೋಹವಲ್ಲ. ಅದು ಋಣ ವಿದ್ಯುತ್ತಿನ ಅಯಾನು (ನೀರಿನಲ್ಲಿ ಕರಗಿದ, ವಿದ್ಯುತ್ ಹೊತ್ತ ಕಣ), ಸಿಪ್ಪೆ ಹಿಡಿಯುವುದು ಧನ ವಿದ್ಯುತ್ತಿನ ಅಯಾನನ್ನು. ಹಾಗಾಗಿ ಹಸಿ (ರಾಸಾಯನಿಕ ಏನೂ ಕೊಡದ) ಶೇಂಗಾ ಸಿಪ್ಪೆ ಹಾಕಿ ಫ್ಲೋರೈಡ್ ಇಳಿಯಲಿ ಎಂದು ಕಾಯಬೇಡಿ. ಆರ್ಸೆನಿಕ್‌ದೂ ಸುಮಾರಾಗಿ ಇದೇ ಕಥೆ. ನೈಟ್ರೇಟ್‌ಗೂ ಇದು ಆಗುವುದಿಲ್ಲ.

ಇಂಗಳದಾಳದ ಹಳೆ ತಾಮ್ರದ ಗಣಿ ಕಡೆಯಿಂದ ನೀರು ತಂದರೂ ಅದರಲ್ಲಿ ತಾಮ್ರ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಮೊದಲು ಪರೀಕ್ಷೆ ಮಾಡಿಸಿ. ಇಲ್ಲದ ಲೋಹವನ್ನು ತೆಗೆಯಲು ವಾರಗಟ್ಟಲೆ ಒದ್ದಾಡಿದವರಿದ್ದಾರೆ.

ಇನ್ನೊಂದು ಮಾತು. ಈ ವಿಧಾನದಿಂದ ಬಂದ ನೀರನ್ನು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ. ಯಾಕೆ ಎಂದು ಏಳನೇ ಹಂತದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು

ಪಿಎಚ್ ಮೀಟರ್, ಮೀಟರ್ ಸರಿಮಾಡಲು ಪಿಎಚ್ 4 ಮತ್ತು 7ರ ಬಫರ್ ದ್ರಾವಣ, 0.01 ಗ್ರಾಂ ತನಕ ತೂಗುವ ತಕ್ಕಡಿ, ಎರಡು ಜರಡಿ (300 ಮತ್ತು 600 ಮೈಕ್ರಾನ್), ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿಗಳು, ಫಿಲ್ಟರ್ ಪೇಪರ್, ಶೇಕರ್ ಅಥವಾ ಕಲಕುವ ಯಂತ್ರ, ಹೈಡ್ರೋಕ್ಲೋರಿಕ್ ಆಮ್ಲ, ಸ್ವಲ್ಪ ನೈಟ್ರಿಕ್ ಆಮ್ಲ, ಕಾಸ್ಟಿಕ್ ಸೋಡಾ, ಕೈಗವಸು, ಕನ್ನಡಕ. ಭಟ್ಟಿ ಇಳಿಸಿದ ನೀರು ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಕ್ಯಾನಿಂದ ಕ್ಯಾನಿಗೆ ಗುಣ ಬದಲಾಗುತ್ತದೆ, ಒಂದು ಪ್ರಯೋಗಕ್ಕೆ ಒಂದೇ ಕ್ಯಾನ್ ಬಳಸಿ.

ಲಿಟ್ಮಸ್ ಕಾಗದ ಸಾಕಾಗುವುದಿಲ್ಲ. 5ಕ್ಕೂ 6ಕ್ಕೂ ಇರುವ ವ್ಯತ್ಯಾಸವನ್ನು ಅದು ತೋರಿಸುವುದಿಲ್ಲ, ನಮ್ಮ ಪ್ರಯೋಗದ ಜೀವ ಇರುವುದೇ ಅಲ್ಲಿ. ಮೀಟರ್ ಇಲ್ಲ ಅಂದರೆ ಎರವಲು ತನ್ನಿ, ಅದಿಲ್ಲದೆ ಶುರು ಮಾಡಲೇಬೇಡಿ.

ಹಂತ 1: ಸಿಪ್ಪೆ ಆರಿಸುವುದು

ಮೊದಲ ಸಲಕ್ಕೆ ಶೇಂಗಾ ಸಿಪ್ಪೆಯೇ ಒಳ್ಳೆಯದು. ಪುಡಿ ಮಾಡುವುದು ಸುಲಭ, ಬಣ್ಣ ಬಿಡುವುದು ಕಡಿಮೆ. ಮೆಕ್ಕೆಜೋಳದ ದಿಂಡೂ ಆಗುತ್ತದೆ, ಆದರೆ ನೀರಿನಲ್ಲಿ ಉಬ್ಬುತ್ತದೆ. ಅಡಿಕೆ ಸಿಪ್ಪೆ ಮತ್ತು ತೆಂಗಿನ ನಾರಿನ ಪುಡಿ ಲೋಹವನ್ನೇನೋ ಹಿಡಿಯುತ್ತವೆ, ಜೊತೆಗೆ ಚಹಾದಂಥ ಕಂದು ಬಣ್ಣವನ್ನೂ ಬಿಡುತ್ತವೆ. ಅದು ಟ್ಯಾನಿನ್. ತೊಳೆದು ತೊಳೆದು ಕೈ ಸೋಲುತ್ತದೆ.

ಅಕ್ಕಿ ಮಿಲ್ಲಿನ ಭತ್ತದ ಹೊಟ್ಟು ಪುಕ್ಕಟೆಯಾಗಿ ಸಿಗುತ್ತದೆ ಎಂದು ಅದಕ್ಕೇ ಕೈ ಹಾಕುವವರು ಬಹಳ. ಅದರಲ್ಲಿ ಸಿಲಿಕಾ ಜಾಸ್ತಿ, ಹಾಗೇ ಬಳಸಿದರೆ ಲೋಹ ಹಿಡಿಯುವ ಶಕ್ತಿ ಕಡಿಮೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಉರಿಯಾಗಿ ಹೋಗುವುದೇ ಅದಕ್ಕೆ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಮೊಟ್ಟೆ ಚಿಪ್ಪು ಬೇಡ. ಅದು ಸುಣ್ಣದ ಕಾರ್ಬೊನೇಟ್, ನೀರಿನ ಪಿಎಚ್ ಏರಿಸಿ ಲೋಹವನ್ನು ಗಸಿಯಾಗಿ ಕೂರಿಸುತ್ತದೆ. ಅದೂ ಒಂದು ವಿಧಾನವೇ, ಆದರೆ ನಾವು ಅಳೆಯಬೇಕಾದದ್ದು ಅದಲ್ಲ.

ಔಷಧಿ ಹೊಡೆದ ಅಥವಾ ಬೂಷ್ಟು ಹಿಡಿದ ಸಿಪ್ಪೆ ತರಬೇಡಿ. ಇಡೀ ಪ್ರಯೋಗಕ್ಕೆ ಆಗುವಷ್ಟನ್ನು ಒಂದೇ ಮಿಲ್ಲಿನಿಂದ, ಒಂದೇ ಸಲ ತನ್ನಿ.

ಹಂತ 2: ತೊಳೆದು, ಒಣಗಿಸಿ, ಪುಡಿ ಮಾಡುವುದು

ಮೊದಲು ನಲ್ಲಿ ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ. ಒಣಗಿಸಿ ಪುಡಿ ಮಾಡಿ, ಜರಡಿ ಹಿಡಿಯಿರಿ. 600ರ ಜರಡಿಯಲ್ಲಿ ಇಳಿದು 300ರ ಮೇಲೆ ನಿಂತದ್ದನ್ನು ಮಾತ್ರ ಇಟ್ಟುಕೊಳ್ಳಿ.

ನುಣ್ಣಗಿದ್ದಷ್ಟೂ ಒಳ್ಳೆಯದು ಎಂದು ಹಿಟ್ಟು ಮಾಡಿಕೊಂಡರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಾಗದದಲ್ಲಿ ತೂರಿ ಹೋದ ಧೂಳು ಲೋಹದ ಸಮೇತ ಸ್ಯಾಂಪಲ್ಲಿಗೆ ಬೀಳುತ್ತದೆ, ಅಳತೆ ಕೆಡುತ್ತದೆ.

ಪುಡಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಬಸಿದ ನೀರನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಹಳದಿ ಛಾಯೆ ಇದ್ದರೆ ಇನ್ನೂ ಮುಗಿದಿಲ್ಲ. ಬಣ್ಣವಾಗಿ ಬಿಡುವ ವಸ್ತು ಲೋಹವನ್ನು ಕಟ್ಟಿಕೊಂಡು ನೀರಿನಲ್ಲೇ ಉಳಿದುಬಿಡುತ್ತದೆ, ಸಿಪ್ಪೆಯ ಮೇಲೆ ಕೂರುವುದಿಲ್ಲ. ಬಣ್ಣ ನೋಡಿ ಅಳೆಯುವ ಕಿಟ್ಟನ್ನೂ ಅದು ಏಮಾರಿಸುತ್ತದೆ.

ಆಮೇಲೆ ಓವನ್ನಿನಲ್ಲಿ 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ. ಓವನ್ ಇಲ್ಲದಿದ್ದರೆ ನಮ್ಮ ಕಡೆಯ ಬೇಸಿಗೆ ಬಿಸಿಲು ಸಾಕು, ಬಟ್ಟೆ ಮುಚ್ಚಿ. ತೂಕ ಇಳಿಯುವುದು ನಿಂತ ಮೇಲೆ ಡಬ್ಬಿಗೆ ತುಂಬಿ.

ಹಂತ 3: ಕಾಸ್ಟಿಕ್ ಸೋಡಾ ಕೊಡುವುದು (ಬೇಕಿದ್ದರೆ)

ಸಿಪ್ಪೆಯ ಮೇಲಿರುವ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪುಗಳು ಲೋಹ ಹಿಡಿಯುವ ಕೆಲಸ ಮಾಡುತ್ತವೆ. ಹಸಿ ಸಿಪ್ಪೆಯಲ್ಲಿ ಅವುಗಳಲ್ಲಿ ಕೆಲವು ಎಸ್ಟರ್ ರೂಪದಲ್ಲಿ ಮುಚ್ಚಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಅವನ್ನು ಬಿಡಿಸುತ್ತದೆ, ಬಣ್ಣವನ್ನೂ ಹೊರಗೆ ಎಳೆಯುತ್ತದೆ.

ಒಂದು ಲೀಟರ್ ನೀರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ, ಅಂದರೆ 0.1 ಮೋಲಾರ್. 10 ಗ್ರಾಂ ಪುಡಿಗೆ 200 ಮಿ.ಲೀ. ಹಾಕಿ ಒಂದೆರಡು ಗಂಟೆ ಕಲಕಿ, ಬಸಿದು ತೊಳೆಯಿರಿ.

ತೊಳೆಯುವುದು ಇಲ್ಲಿ ಸುಮ್ನೆ ಮಾತಲ್ಲ. ಬಸಿದ ನೀರಿನ ಪಿಎಚ್ 7ರ ಹತ್ತಿರ ಬರುವ ತನಕ ಬಿಡಬೇಡಿ. ಬಂದ ಮೇಲೂ ಪುಡಿಯನ್ನು ಹೊಸ ನೀರಿನಲ್ಲಿ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಳಗೆ ಅಡಗಿದ ಸೋಡಾ ನಿಧಾನವಾಗಿ ಹೊರಬರುತ್ತದೆ. 99 ಪರ್ಸೆಂಟ್ ಎಂಬ ಸುಳ್ಳು ಫಲಿತಾಂಶ ಹುಟ್ಟುವ ಜಾಗಗಳಲ್ಲಿ ಇದೂ ಒಂದು.

ಹಂತ 4: ಲೋಹದ ನೀರು ಮಾಡಿಕೊಳ್ಳುವುದು

ಕಲಿಯುವವರು ತಾಮ್ರದಿಂದಲೇ ಶುರು ಮಾಡಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಮನೆಯಲ್ಲೂ ಹೈಸ್ಕೂಲ್ ಲ್ಯಾಬಿನಲ್ಲೂ ಮುಟ್ಟಬೇಡಿ.

ತಾಮ್ರಕ್ಕೆ ಬೇಕಾದದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಗೊಬ್ಬರದ ಅಂಗಡಿಯದು ತೋಟಕ್ಕೆ ಸರಿ, ಅಳತೆಗೆ ಲ್ಯಾಬ್ ದರ್ಜೆಯದೇ ತನ್ನಿ. ಐದು ನೀರಿನ ಅಣುಗಳಿರುವ ನೀಲಿ ಹರಳಿನಲ್ಲಿ ತಾಮ್ರದ ಪಾಲು ಸುಮಾರು ಕಾಲು ಭಾಗ. ಹಾಗಾಗಿ 3.93 ಗ್ರಾಂ ಹರಳನ್ನು ಕರಗಿಸಿ ಒಂದು ಲೀಟರ್ ಮಾಡಿದರೆ ಲೀಟರಿಗೆ 1000 ಮಿ.ಗ್ರಾಂ ತಾಮ್ರ. ಇದರ 50 ಮಿ.ಲೀ. ತೆಗೆದು ಒಂದು ಲೀಟರ್ ಮಾಡಿದರೆ ಲೀಟರಿಗೆ 50 ಮಿ.ಗ್ರಾಂ. ಹರಳಿನ ತೂಕವನ್ನೇ ತಾಮ್ರದ ತೂಕ ಎಂದು ಬರೆದು ಲೆಕ್ಕ ನಾಲ್ಕು ಪಟ್ಟು ತಪ್ಪಿಸಿಕೊಳ್ಳಬೇಡಿ.

ಅಡಿಕೆ ತೋಟದವರು ಒಂದು ಪ್ರಶ್ನೆ ಕೇಳುತ್ತಾರೆ: ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿ ಸಿಂಪಡಿಸುವ ಔಷಧಿ) ಡ್ರಮ್ ತೊಳೆದ ನೀರಿಗೆ ಸಿಪ್ಪೆ ಹಾಕಬಹುದಾ? ಬೇಕಾಗಿಲ್ಲ. ಅದರಲ್ಲಿ ಸುಣ್ಣ ಇರುತ್ತದೆ, ತಾಮ್ರ ಆಗಲೇ ಗಟ್ಟಿಯಾಗಿ ಬೇರೆಯಾಗಿರುತ್ತದೆ. ನಿಲ್ಲಿಸಿಟ್ಟರೆ ಅದೇ ತಳಕ್ಕೆ ಇಳಿಯುತ್ತದೆ. ಆ ನೀರು ಕೆರೆ, ಹಳ್ಳ ಸೇರದಂತೆ ನೋಡಿಕೊಳ್ಳಿ, ಮೀನಿಗೆ ತಾಮ್ರ ವಿಷ.

ಹಂತ 5: ಪಿಎಚ್ ಹಿಡಿದು ನಿಲ್ಲಿಸುವುದು

ಪಿಎಚ್ 3ಕ್ಕಿಂತ ಕೆಳಗಿದ್ದರೆ ನೀರಿನಲ್ಲಿ ಹೈಡ್ರೋಜನ್ ಅಯಾನು ತುಂಬಿರುತ್ತದೆ. ಸಿಪ್ಪೆಯ ಮೇಲಿನ ಜಾಗವನ್ನೆಲ್ಲ ಅದೇ ಹಿಡಿದು ಕೂರುತ್ತದೆ, ತಾಮ್ರಕ್ಕೆ ಜಾಗವಿಲ್ಲ. ಇತ್ತ, ಲೀಟರಿಗೆ 50 ಮಿ.ಗ್ರಾಂ ಇರುವಾಗ ಪಿಎಚ್ 6 ದಾಟುತ್ತಿದ್ದಂತೆ ತಾಮ್ರ ಹೈಡ್ರಾಕ್ಸೈಡ್ ಆಗಿ ತಾನೇ ಉದುರಲು ಶುರುವಾಗುತ್ತದೆ. ಫಿಲ್ಟರ್ ಮಾಡಿದಾಗ ಆ ಗಸಿ ಕಾಗದದ ಮೇಲೆ ನಿಲ್ಲುತ್ತದೆ, ಸಿಪ್ಪೆಗೆ ಸುಮ್ನೆ ಹೆಸರು ಬರುತ್ತದೆ. ಅದಕ್ಕೇ ತಾಮ್ರಕ್ಕೆ 5 ಇಟ್ಟುಕೊಳ್ಳಿ.

ಮಾಡುವ ಕ್ರಮ ಹೀಗಿರಲಿ. ಮೀಟರನ್ನು ಆ ದಿನವೇ ಎರಡೂ ಬಫರ್‌ಗೆ ಸರಿಮಾಡಿ. ಲೋಹದ ನೀರಿಗೆ 0.1 ಮೋಲಾರ್ ಆಮ್ಲ ಅಥವಾ ಸೋಡಾವನ್ನು ಹನಿ ಹನಿಯಾಗಿ ಹಾಕಿ 5ಕ್ಕೆ ತನ್ನಿ. ಆಮೇಲೆ ಸಿಪ್ಪೆ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಸಿಪ್ಪೆ ಪಿಎಚ್ ಬದಲಿಸಿಯೇ ತೀರುತ್ತದೆ. ತಿದ್ದಿ. ಪ್ರಯೋಗ ಮುಗಿದಾಗ ಇನ್ನೊಮ್ಮೆ ಅಳೆದು ಬರೆದಿಡಿ. ಶುರುವಿನ ಪಿಎಚ್ ಮಾತ್ರ ಬರೆದಿರುವ ಪ್ರಾಜೆಕ್ಟ್ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಸೀಸಕ್ಕೂ ಸುಮಾರು 5 ಸರಿ. ಆದರೆ ಸೀಸದ ನೈಟ್ರೇಟ್ ಬಳಸಿ, ಪಿಎಚ್ ತಿದ್ದಲು ನೈಟ್ರಿಕ್ ಆಮ್ಲ ಬಳಸಿ. ಸಲ್ಫೇಟ್ ಸಿಕ್ಕರೆ ಸೀಸ ಬಿಳಿ ಗಸಿಯಾಗಿ ಉದುರುತ್ತದೆ.

ಕ್ರೋಮಿಯಂ ದಾರಿಯೇ ಬೇರೆ, ಅದಕ್ಕೆ ಕ್ರೋಮಿಯಂ-6, ಕ್ರೋಮಿಯಂ-3 ಎಂಬ ಎರಡು ರೂಪ. ಕ್ರೋಮಿಯಂ-6 ನೀರಿನಲ್ಲಿ ಋಣ ಅಯಾನಾಗಿ ಇರುತ್ತದೆ, ಅದಕ್ಕೆ ಪಿಎಚ್ 2ರ ಹತ್ತಿರ ಬೇಕು. ಅಷ್ಟು ಹುಳಿಯಲ್ಲಿ ಸಿಪ್ಪೆ ಅದನ್ನು ಕ್ರೋಮಿಯಂ-3 ಆಗಿ ಬದಲಿಸುತ್ತದೆ. ಆ ಕ್ರೋಮಿಯಂ-3ರಲ್ಲಿ ಒಂದಿಷ್ಟು ನೀರಿನಲ್ಲೇ ಉಳಿಯುತ್ತದೆ. ನೇರಳೆ ಬಣ್ಣದ ಪರೀಕ್ಷೆ ಕ್ರೋಮಿಯಂ-6 ಅನ್ನು ಮಾತ್ರ ತೋರಿಸುವುದರಿಂದ ಎಲ್ಲ ಹೋಯಿತು ಅನ್ನಿಸುತ್ತದೆ. ಒಟ್ಟು ಕ್ರೋಮಿಯಂ ಅಳೆಯದೆ ಏನನ್ನೂ ಹೇಳಬೇಡಿ.

ಎಚ್ಚರಿಕೆಯ ಗುರುತು: ಬಾಟಲಿಯಲ್ಲಿ ನೀಲಿ ಮೋಡದಂಥ ಚೂರು ಕಂಡರೆ, ನೀರು ಮಬ್ಬಾದರೆ, ಕೊನೆಯ ಪಿಎಚ್ 6ಕ್ಕಿಂತ ಮೇಲೆ ಬಂದರೆ ಆ ಬಾಟಲಿ ಲೆಕ್ಕಕ್ಕಿಲ್ಲ.

ಹಂತ 6: ಕಲಕುವುದು, ಜೊತೆಗೆ ಮೂರು ಹೋಲಿಕೆ ಬಾಟಲಿ

100 ಮಿ.ಲೀ. ನೀರಿಗೆ 0.5 ಗ್ರಾಂ ಪುಡಿ. ನಿಮಿಷಕ್ಕೆ 120ರಿಂದ 150 ಸುತ್ತು. 15, 30, 60, 120 ನಿಮಿಷಕ್ಕೆ ಒಂದೊಂದು ಬೇರೆ ಬಾಟಲಿ ಇಡಿ. ಒಂದೇ ಬಾಟಲಿಯಿಂದ ಪದೇ ಪದೇ ನೀರು ತೆಗೆದರೆ ಸಿಪ್ಪೆಗೂ ನೀರಿಗೂ ಇರುವ ಅಳತೆ ಬದಲಾಗುತ್ತದೆ. ಹೆಚ್ಚಿನ ಲೋಹ ಮೊದಲ ಒಂದು ಗಂಟೆಯೊಳಗೇ ಕೂರುತ್ತದೆ. ರಾತ್ರಿಯಿಡೀ ಕಲಕಿದರೆ ಜಾಸ್ತಿ ಸಿಗುವುದಿಲ್ಲ, ಸಿಪ್ಪೆ ಕೊಳೆಯಲು ಶುರುವಾಗುತ್ತದೆ.

ಹೋಲಿಕೆ ಬಾಟಲಿ ಮೂರು ಬೇಕು. ಒಂದರಲ್ಲಿ ಲೋಹದ ನೀರು ಮಾತ್ರ, ಸಿಪ್ಪೆ ಇಲ್ಲ. ಬಾಟಲಿ ಗೋಡೆ ಮತ್ತು ಫಿಲ್ಟರ್ ಕಾಗದ ಎಷ್ಟು ನುಂಗುತ್ತವೆ ಎಂದು ಅದು ಹೇಳುತ್ತದೆ. ಎರಡನೆಯದರಲ್ಲಿ ಸಿಪ್ಪೆ ಮತ್ತು ಭಟ್ಟಿ ಇಳಿಸಿದ ನೀರು ಮಾತ್ರ. ಸಿಪ್ಪೆ ತಾನೇ ಏನು ಬಿಡುತ್ತದೆ ಎಂದು ಅದು ತೋರಿಸುತ್ತದೆ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಸಿಪ್ಪೆ ಇಲ್ಲದ ಲೋಹದ ನೀರನ್ನು, ನಿಮ್ಮ ಸಿಪ್ಪೆ ಬಾಟಲಿಯ *ಕೊನೆಯ* ಪಿಎಚ್‌ಗೆ ತಂದು, ಅಷ್ಟೇ ಹೊತ್ತು ಕಲಕಿ ಫಿಲ್ಟರ್ ಮಾಡಿ. ಇಲ್ಲೂ ತಾಮ್ರ ಕಡಿಮೆಯಾದರೆ ಅದು ಉದುರಿದ್ದೇ ಹೊರತು ಸಿಪ್ಪೆ ಹಿಡಿದದ್ದಲ್ಲ.

ಹಂತ 7: ಸೋಸಿ, ಅಳೆದು, ಲೆಕ್ಕ ಹಾಕುವುದು

ಫಿಲ್ಟರಿನಿಂದ ಬಂದ ಮೊದಲ 10 ಮಿ.ಲೀ. ಚೆಲ್ಲುವ ಬಾಟಲಿಗೆ ಹಾಕಿ, ಆಮೇಲಿನದನ್ನು ಇಟ್ಟುಕೊಳ್ಳಿ. ಪಿಎಚ್ 2ಕ್ಕಿಂತ ಕೆಳಗೆ ಇಳಿಯುವಂತೆ ನೈಟ್ರಿಕ್ ಆಮ್ಲದ ಹನಿ ಹಾಕಿ ಮುಚ್ಚಿ. ಹುಳಿ ಹಾಕದೆ ನಾಲ್ಕು ದಿನ ಇಟ್ಟು ಲ್ಯಾಬಿಗೆ ಕಳಿಸಿದರೆ ಲೋಹ ಬಾಟಲಿ ಗೋಡೆಗೆ ಅಂಟಿರುತ್ತದೆ. ಮೊದಲು ಹುಳಿ ಹಾಕಿ ಆಮೇಲೆ ಸೋಸಿದರೆ ಇನ್ನೂ ಕೆಟ್ಟದು, ಸಿಪ್ಪೆ ಹಿಡಿದದ್ದೆಲ್ಲ ವಾಪಸ್ ನೀರಿಗೆ ಬರುತ್ತದೆ. ಸೋಸಿದ ಮೇಲೇ ಹುಳಿ.

ಕಣ್ಣಳತೆ ಬೇಡ. ಲೀಟರಿಗೆ 50 ಮಿ.ಗ್ರಾಂ ತಾಮ್ರದ ನೀರು ಮೊದಲಿಂದಲೇ ಬಣ್ಣವಿಲ್ಲದಂತೆ ಕಾಣುತ್ತದೆ. ನೀಲಿ ಹೋಯಿತು ಎಂದು ಸಂಭ್ರಮಿಸುವವರು ಇದನ್ನು ಮರೆತಿರುತ್ತಾರೆ. ಪರಮಾಣು ಹೀರಿಕೆ ಯಂತ್ರ, ಅಂದರೆ ಎಎಎಸ್ ಇರುವ ಕಡೆ ಕೊಡಿ. ಲೋಹ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಕಿಟ್ ಬಳಸುವುದಾದರೆ ಅದರ ಮಿತಿಯೊಳಗೆ ಬರುವಂತೆ ಸ್ಯಾಂಪಲ್ ತೆಳು ಮಾಡಿ, ಆಮೇಲೆ ಅಷ್ಟು ಪಟ್ಟು ಗುಣಿಸಿ.

ಲೆಕ್ಕ ಸುಲಭ. ಮೊದಲು 50 ಮಿ.ಗ್ರಾಂ ಇತ್ತು, ಕೊನೆಗೆ 8 ಉಳಿಯಿತು ಅಂದುಕೊಳ್ಳಿ. ಲೀಟರಿಗೆ 42 ಮಿ.ಗ್ರಾಂ ಹೋಯಿತು, ಅಂದರೆ 84 ಪರ್ಸೆಂಟ್. ನಿಮ್ಮಲ್ಲಿದ್ದ ನೀರು 0.1 ಲೀಟರ್, ಹಾಗಾಗಿ ಸಿಪ್ಪೆ ಹಿಡಿದದ್ದು 4.2 ಮಿ.ಗ್ರಾಂ. 0.5 ಗ್ರಾಂ ಸಿಪ್ಪೆಗೆ ಇಷ್ಟಾದರೆ ಒಂದು ಗ್ರಾಂಗೆ 8.4 ಮಿ.ಗ್ರಾಂ. ಎರಡೂ ಸಂಖ್ಯೆ ಬರೆಯಿರಿ. ಸಿಪ್ಪೆ ಜಾಸ್ತಿ ಸುರಿದರೆ ಪರ್ಸೆಂಟ್ ಏರುತ್ತದೆ, ಗ್ರಾಂ ಲೆಕ್ಕ ಇಳಿಯುತ್ತದೆ. ಪರ್ಸೆಂಟ್ ಒಂದನ್ನೇ ತೋರಿಸುವುದು ಅರ್ಧ ಸತ್ಯ.

ಈಗ ಕುಡಿಯುವ ಮಾತು. 84 ಪರ್ಸೆಂಟ್ ಕೇಳಲು ಚೆನ್ನಾಗಿದೆ, ಅಲ್ವಾ? ಉಳಿದ 8 ಮಿ.ಗ್ರಾಂ ನೋಡಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿ.ಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ. ಸೀಸಕ್ಕೆ ಮಿತಿ 0.01, ಕ್ಯಾಡ್ಮಿಯಂಗೆ 0.003. ಸಿಪ್ಪೆ ಒಂದರಿಂದಲೇ ಅಲ್ಲಿಗೆ ಮುಟ್ಟುತ್ತೇವೆ ಎಂದು ನಂಬಿ ಕೂರುವಂತಿಲ್ಲ. ಕಾರ್ಖಾನೆಯ ಕೊಳಚೆ ನೀರಿನ ಲೋಹದ ಭಾರ ಇಳಿಸುವುದು ಇದರ ನಿಜವಾದ ಕೆಲಸ.

ಹಂತ 8: ಕೊಳವೆಬಾವಿ ನೀರಿನಲ್ಲಿ ಮತ್ತೆ ಮಾಡುವುದು

ಭಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಸಿಪ್ಪೆ ಹಿರಿಯೂರಿನದೋ ಜಗಳೂರಿನದೋ ಗಡಸು ನೀರಿನಲ್ಲಿ ಸೋಲುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ನಾವು ತೆಗೆಯಬೇಕಾದ ಲೋಹಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತವೆ, ಅವೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಗ್ರಾಂ ಲೆಕ್ಕ ಇಳಿದರೆ ಗಾಬರಿ ಬೇಡ, ಅದೇ ನಿಜವಾದ ಸಂಖ್ಯೆ.

ಇದಕ್ಕಿಂತ ಮೋಸದ್ದು ಬೈಕಾರ್ಬೊನೇಟ್. ಇಂಥ ನೀರಿಗೆ ನೇರವಾಗಿ ಮೈಲುತುತ್ತದ ದ್ರಾವಣ ಹಾಕಿದರೆ ಆಗಲೇ ಮಬ್ಬಾಗುತ್ತದೆ, ತಾಮ್ರ ಅರ್ಧ ದಾರಿಯಲ್ಲೇ ಉದುರಿತು ಅಂತ ಅರ್ಥ. ಆಮ್ಲ ಹಾಕಿ 5ಕ್ಕೆ ತಂದರೂ ಕಲಕುತ್ತಿದ್ದಂತೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನೇ ಮೇಲೇರುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ 6 ದಾಟಿರಬಹುದು.

ದಾರಿ ಇದು: ಲೋಹ ಹಾಕುವ ಮುಂಚೆಯೇ ಕೊಳವೆಬಾವಿ ನೀರಿಗೆ ಆಮ್ಲ ಹಾಕಿ 4ರ ಹತ್ತಿರ ತನ್ನಿ. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಕಲಕಿ, ಗಾಳಿ ಹೋಗಲಿ. ಪಿಎಚ್ ಏರುವುದು ನಿಂತ ಮೇಲೆ 5ಕ್ಕೆ ತಂದು, ಆಮೇಲೆ ಲೋಹ, ಕೊನೆಗೆ ಸಿಪ್ಪೆ. ಈ ಕ್ರಮ ತಿರುಗಿಸಿದರೆ ಎಲ್ಲ ಕೆಡುತ್ತದೆ.

ಹಂತ 9: ಕೊಳವೆಯಲ್ಲಿ ಹರಿಸುವುದು

ಬಾಟಲಿಯಲ್ಲಿ ಸರಿ ಬಂದ ಮೇಲೇ ಇದಕ್ಕೆ ಬನ್ನಿ. ಒಳ ಅಗಲ 2.5 ಸೆಂ.ಮೀ. ಇರುವ ಪಾರದರ್ಶಕ ಕೊಳವೆಯಲ್ಲಿ 30 ಸೆಂ.ಮೀ. ಎತ್ತರ ಸಿಪ್ಪೆ ತುಂಬಿದರೆ ಹಾಸಿನ ಗಾತ್ರ ಸುಮಾರು 150 ಮಿ.ಲೀ. ನಿಮಿಷಕ್ಕೆ 5 ಮಿ.ಲೀ. ಹರಿಸಿದರೆ ಖಾಲಿ ಕೊಳವೆಯ ಲೆಕ್ಕದಲ್ಲಿ ನೀರಿಗೆ ಸುಮಾರು ಅರ್ಧ ಗಂಟೆ ಸಿಗುತ್ತದೆ. ಹರಿವು ಹಿಡಿಯಲು ಆಸ್ಪತ್ರೆಯ ಡ್ರಿಪ್ ಸೆಟ್‌ನ ಚಕ್ರ ಸಾಕು.

ಪುಡಿಯನ್ನು ರಾತ್ರಿ ನೆನೆಸಿ, ಒದ್ದೆಯಾಗಿಯೇ ತುಂಬಿ. ಒಣಗಿದ್ದನ್ನು ಒತ್ತಿ ತುಂಬಿದರೆ ಉಬ್ಬಿ ಕಟ್ಟಿಕೊಳ್ಳುತ್ತದೆ. ಬಕೆಟ್ಟನ್ನು ಮೇಲಿಟ್ಟು ನೀರನ್ನು ತಳದಿಂದ ಮೇಲಕ್ಕೆ ಹರಿಸುವುದು ಒಳ್ಳೆಯದು, ಗಾಳಿಗುಳ್ಳೆ ನಿಲ್ಲುವುದಿಲ್ಲ. ನೀರು ಒಂದೇ ಕಡೆ ಸೀಳಿಕೊಂಡು ಹರಿಯುತ್ತಿದ್ದರೆ ಬಿಚ್ಚಿ ಮತ್ತೆ ತುಂಬಿ. ಹೊರಬರುವ ನೀರಿನಲ್ಲಿ ಲೋಹ ಒಳಹೋಗುವುದರ 10 ಪರ್ಸೆಂಟ್ ಮುಟ್ಟಿದಾಗ ನಿಲ್ಲಿಸಿ.

ಹಂತ 10: ಲೋಹ ಬಿಡಿಸುವುದು, ಉಳಿದದ್ದನ್ನು ವಿಲೇವಾರಿ ಮಾಡುವುದು

0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ತಾಮ್ರವನ್ನು ಬಿಡಿಸುತ್ತದೆ. ಗಾಢ ಆಮ್ಲ ಸುಮಾರು 8.3 ಮಿ.ಲೀ. ತೆಗೆದು ಒಂದು ಲೀಟರ್ ಮಾಡಬೇಕು. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಬಿಡಿಸಿದ ಮೇಲೆ ಸಿಪ್ಪೆಯನ್ನು ಪಿಎಚ್ 5ರ ಹತ್ತಿರ ಬರುವ ತನಕ ತೊಳೆಯಿರಿ, ಇಲ್ಲವಾದರೆ ಮುಂದಿನ ಸಲ ಏನೂ ಹಿಡಿಯುವುದಿಲ್ಲ. ಪ್ರತಿ ಸಲ ಶಕ್ತಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಸಿಪ್ಪೆ ಲೋಳೆಯಾದರೆ, ವಾಸನೆ ಬಂದರೆ ಬಿಟ್ಟುಬಿಡಿ.

ಬಿಡಿಸಿದ ಆಮ್ಲದಲ್ಲಿ ತಾಮ್ರ ದಟ್ಟವಾಗಿರುತ್ತದೆ. ಅದಕ್ಕೆ ಸುಣ್ಣದ ತಿಳಿ ಹಾಕಿ ಪಿಎಚ್ 9ಕ್ಕೆ ತಂದು ಒಂದು ರಾತ್ರಿ ಬಿಡಿ, ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಅಳೆಯದೆ ಚರಂಡಿಗೆ ಬಿಡಬೇಡಿ. ಕ್ರೋಮಿಯಂ-6 ಸುಣ್ಣಕ್ಕೆ ಬಗ್ಗುವುದಿಲ್ಲ, ಅದನ್ನು ಮೊದಲು ಕ್ರೋಮಿಯಂ-3 ಮಾಡಬೇಕು. ಆ ಕೆಲಸ ಲ್ಯಾಬಿನವರಿಗೇ ಬಿಡಿ.

ಲೋಹ ಹಿಡಿದ ಸಿಪ್ಪೆ ಮತ್ತೆ ಹಳ್ಳಿಯ ತಿಪ್ಪೆ ಸೇರುವುದು ಎಲ್ಲಕ್ಕಿಂತ ಅಪಾಯ. ಗೊಬ್ಬರಕ್ಕೆ ಹಾಕಿದರೆ ಲೋಹ ಹೊಲಕ್ಕೆ ಹೋಗುತ್ತದೆ. ಒಲೆಗೆ, ಭಟ್ಟಿಗೆ ಹಾಕಿದರೆ ಬೂದಿಯಲ್ಲಿ, ಹೊಗೆಯಲ್ಲಿ ಬರುತ್ತದೆ. ದನದ ಬಾಯಿಗಂತೂ ಸಿಗಲೇಬಾರದು. ಸಿಪ್ಪೆಯನ್ನೂ ಗಸಿಯನ್ನೂ ಬೇರೆ ಬೇರೆಯಾಗಿ ಒಣಗಿಸಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಡಬ್ಬಿಯ ಮೇಲೆ ಯಾವ ಲೋಹ, ಎಷ್ಟು ತೂಕ, ಯಾವ ದಿನಾಂಕ ಎಂದು ಅಳಿಸದ ಪೆನ್ನಿನಲ್ಲಿ ಬರೆಯಿರಿ. ಕಾಲೇಜಿನ ರಾಸಾಯನಿಕ ತ್ಯಾಜ್ಯದ ಜೊತೆ ಕೊಡಿ. ಆ ವ್ಯವಸ್ಥೆ ಇಲ್ಲದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಎಲ್ಲಿಗೆ ಕಳಿಸಬೇಕು ಎಂದು ಕೇಳಿ, ಅದೂ ಮೊದಲ ಹಂತಕ್ಕೆ ಕೈ ಹಾಕುವ ಮುಂಚೆಯೇ.